ಕಾಜದಕ್ಕನ ನಲವತ್ತು ದಿನ

ಅಂಗಿಯ ಗುಂಡಿ ತೂರುವ ಸೀಳಿಗೆ ದರ್ಜಿಗಳು ಕಾಜ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಅದನ್ನೇ ಹೊಲಿದು ಹೊಲಿದು ಅವಳಿಗೆ ಕಾಜದಕ್ಕ ಎಂಬ ಹೆಸರೇ ನಿಂತುಬಿಟ್ಟಿತ್ತು. ಅವಳ ಗಂಡನೂ ಒಮ್ಮೊಮ್ಮೆ ಮರೆತು ಹಾಗೆ ಕರೆಯುತ್ತಿದ್ದ. ಕರೆದ ದಿನ ಅವನ ಊಟದಲ್ಲಿ ಉಪ್ಪು ಇರುತ್ತಿರಲಿಲ್ಲ.

ಅವಳು ದುಡಿಯುತ್ತಿದ್ದ ಹೊಲಿಗೆ ಅಂಗಡಿ ಒಂದು ಬೀಗದಂಗಡಿಯ ಮೇಲಿನ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಆರು ಯಂತ್ರಗಳು, ಕಿಟಕಿಯ ಬಳಿ ಇಸ್ತ್ರಿ ಹಲಗೆ, ನಟ್ಟನಡುವೆ ಬಟ್ಟೆ ಕತ್ತರಿಸುವ ಮೇಜು. ಆ ಮೇಜಿನ ಮುಂದೆ ನಿಂತೇ ಕೆಲಸ ಮಾಡಬೇಕು. ಉಳಿದವರೆಲ್ಲ ಕುಳಿತಲ್ಲಿಂದ ತಲೆಯೆತ್ತಿ ನೋಡಬೇಕು. ಕಾಜದಕ್ಕ ನಾಲ್ಕು ವರ್ಷದಿಂದ ಹಾಗೆ ತಲೆಯೆತ್ತಿ ನೋಡುತ್ತಿದ್ದಳು. ಮೇಜಿನ ಮುಂದೆ ನಿಂತವಳು ಅವಳ ಸ್ವಂತ ಓರಗಿತ್ತಿ, ಗಂಡನ ತಮ್ಮನ ಹೆಂಡತಿ.

ಉರಿ ಇರುವುದು ಅಲ್ಲೇ. ಹನ್ನೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಓರಗಿತ್ತಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. "ಅಕ್ಕಾ, ಸ್ವಲ್ಪ ಪೋಣಿಸಿ ಕೊಡ್ತೀರಾ?" ಎಂದು ಸೂಜಿ ಹಿಡಿದು ಹಿಂದೆ ಹಿಂದೆ ಸುತ್ತುತ್ತಿದ್ದಳು. ಕೈಹಿಡಿದು ಕಲಿಸಿ, ಮಾಲೀಕರ ಮುಂದೆ ನಿಲ್ಲಿಸಿ ಕೆಲಸಕ್ಕೆ ಹಚ್ಚಿದವಳು ಕಾಜದಕ್ಕನೇ. ಆಮೇಲೆ, ಮೊದಲಿದ್ದ ಕತ್ತರಿ ಮೇಸ್ತ್ರಿಯ ಕೈ ನಡುಗತೊಡಗಿತು. ಮಾಲೀಕರು ಒಂದು ವಾರವೂ ಕಾಯದೆ ಆತನನ್ನು ಮನೆಗೆ ಕಳಿಸಿ, ದೊಡ್ಡ ಕತ್ತರಿಯನ್ನು ತಂದು ಕೊಟ್ಟದ್ದು ಯಾರಿಗೆ? ಏಣಿ ಹಿಡಿದು ನಿಂತವಳಿಗಲ್ಲ, ಏಣಿ ಹತ್ತಿದವಳಿಗೆ. "ಅವಳ ಕೈ ಚೆನ್ನಾಗಿದೆ, ನೋಟವೂ ಚುರುಕು," ಎಂದರಂತೆ. ಅದು ನಿಜವೇ ಆಗಿತ್ತು. ಸುಳ್ಳಾಗಿದ್ದರೆ ಕಾಜದಕ್ಕ ಎಂದೋ ಮರೆತುಬಿಡುತ್ತಿದ್ದಳು.

ಭಾನುವಾರ ಚರ್ಚಿನ ಸಭೆಯಲ್ಲೂ ಈ ಉರಿಗೆ ಬಿಡುವಿರಲಿಲ್ಲ. ಓರಗಿತ್ತಿ ಎದ್ದು ನಿಂತು ಪ್ರಾರ್ಥನೆ ಮಾಡಿದರೆ ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಜದಕ್ಕ ಪ್ರಾರ್ಥನೆ ಮಾಡಿದರೆ ಗಡಿಯಾರ ನೋಡುತ್ತಿದ್ದರು.

ಅವರ ಸಭೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಎಲ್ಲರೂ ತಮ್ಮ ಮನಸ್ಸಿನ ಭಾರವನ್ನು ಒಂದು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಮರದ ಪೆಟ್ಟಿಗೆಗೆ ಹಾಕುವುದು. ಹೊರಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಿಕೊಳ್ಳುವುದು. ಯಾರದೋ ಆ ಭಾರಕ್ಕಾಗಿ ನಲವತ್ತು ದಿನ, ದಿನಕ್ಕೊಮ್ಮೆ ಪ್ರಾರ್ಥಿಸಬೇಕು. ಯಾರದೆಂದು ಕೇಳಬಾರದು, ಇನ್ನೊಬ್ಬರಿಗೆ ಹೇಳಬಾರದು.

ಆ ವರ್ಷ ಕಾಜದಕ್ಕ ಎತ್ತಿದ ಚೀಟಿಯಲ್ಲಿ ಹೀಗಿತ್ತು: "ಎರಡೂ ಕಣ್ಣಿಗೆ ಪೊರೆ ಕಟ್ಟುತ್ತಿದೆ. ಆಸ್ಪತ್ರೆಯಲ್ಲಿ ನನ್ನ ಸರದಿ ಬರಲು ಎರಡು ತಿಂಗಳಿದೆ. ಅಲ್ಲಿಯವರೆಗೆ ಯಾರಿಗೂ ತಿಳಿಯದೆ ನನ್ನ ಕೆಲಸ ಉಳಿಯಲಿ, ಸ್ವಾಮಿ."

ಕೇಳುವ ಅಗತ್ಯವೇ ಬೀಳಲಿಲ್ಲ. ಬಟ್ಟೆಗೆ ಚುಚ್ಚಿದ ಅಳತೆ ಚೀಟಿಗಳಲ್ಲಿ ಅದೇ ಕೈಬರಹವನ್ನು ಅವಳು ನಾಲ್ಕು ವರ್ಷದಿಂದ ದಿನವೂ ಓದುತ್ತಿದ್ದಳು. ಈಚೆಗೆ ಅಕ್ಷರಗಳು ದಪ್ಪವಾಗಿದ್ದವು. ಜಂಬ ಜಾಸ್ತಿಯಾಗಿದೆ, ಅದಕ್ಕೇ ಇಷ್ಟು ದೊಡ್ಡದಾಗಿ ಬರೆಯುತ್ತಾಳೆ ಎಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ, ಹಾಲು ಕಾಯುವವರೆಗೆ ಒಲೆಯ ಮುಂದೆ ನಿಂತು, ಕಾಜದಕ್ಕ ಮೊದಲ ದಿನದ ಪ್ರಾರ್ಥನೆ ಮಾಡಿದಳು. "ಯೇಸುವೇ, ಅವಳ ಕಣ್ಣು ವಾಸಿಮಾಡು." ಸ್ವಲ್ಪ ತಡೆದು, "ಅವಸರವೇನಿಲ್ಲ," ಎಂದು ಸೇರಿಸಿದಳು. ಹಾಲು ಉಕ್ಕಿತು.

ಹೇಗೋ ದಿನಗಳು ಸಾಗಿದವು. ಪ್ರಾರ್ಥನೆಯೆಂದರೆ ತುಟಿಯ ಕೆಲಸ, ಅದರ ಜೊತೆಗೆ ಕಣ್ಣಿಗೂ ಒಂದು ಕೆಲಸ ಹತ್ತಿಕೊಂಡಿತು. ಓರಗಿತ್ತಿ ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಳ್ಳುವುದು, ಮೆಟ್ಟಿಲು ಇಳಿಯುವಾಗ ತುಟಿಯೊಳಗೇ ಎಣಿಸುವುದು ಕಾಣತೊಡಗಿತು. ಅಯ್ಯೋ ಅನ್ನಿಸುತ್ತಿತ್ತು. ಅಯ್ಯೋ ಅನ್ನಿಸಿದ ಬೆನ್ನಿಗೇ, 'ಮೇಸ್ತ್ರಿಯ ಕೈ ನಡುಗಿದಾಗ ವಾರವೂ ಕಾಯಲಿಲ್ಲ ಮಾಲೀಕರು,' ಎಂಬ ಲೆಕ್ಕವೂ ಏಳುತ್ತಿತ್ತು. ಬಾಯಿ ತೆರೆದು ಹೇಳಿದ್ದರೆ ಒಂದೇ ಮಾತಿಗೆ ಮೇಜು ಅವಳದಾಗುತ್ತಿತ್ತು. ಹೇಳಲಿಲ್ಲ. ತಾನು ಅಷ್ಟು ಕೆಟ್ಟವಳಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಹದಿನೈದನೆಯ ದಿನ ಮಖಮಲ್ಲು ಬಂತು. ಒಂದು ಹಾಡುಗಾರರ ತಂಡಕ್ಕೆ ಮೂರು ಉದ್ದನೆಯ ಕೋಟು; ಕಡುಗೆಂಪು ಬಣ್ಣದ ಎರಡು ಥಾನು ಬಟ್ಟೆ. ಮಖಮಲ್ಲೆಂದರೆ ಬೆಕ್ಕಿನ ಬೆನ್ನಿದ್ದ ಹಾಗೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಎಲ್ಲ ತುಂಡುಗಳ ನವಿರೂ ಒಂದೇ ಕಡೆಗೆ ಮಲಗಿರಬೇಕು. ಇಲ್ಲದಿದ್ದರೆ ಒಂದೇ ಬಟ್ಟೆ ಬೆಳಕಿನಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು: ಕತ್ತರಿಸುವವಳು ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಬೇಕು, ಜೋಡಿಸಿ ಹೊಲಿಯುವವಳು (ಕಾಜದ ಜೊತೆಗೆ ಆ ಕೆಲಸವೂ ಕಾಜದಕ್ಕನದೇ) ಅಂಗೈಯಿಂದ ಸವರಿ ನೋಡಿ 'ಸರಿ' ಎನ್ನಬೇಕು, ಆಮೇಲೆಯೇ ಕತ್ತರಿ.

ಓರಗಿತ್ತಿ ಎಂದೂ ಸವರಿ ನೋಡಿದವಳಲ್ಲ. ಮೇಜಿನ ತುದಿಯಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಮುಗಿಯಿತು, ಅದೇ ಅವಳ ಹೆಚ್ಚುಗಾರಿಕೆ. ಮೊದಲ ಥಾನಿನಿಂದ ಎಡಭಾಗಗಳನ್ನು ಸರಿಯಾಗಿಯೇ ಹರಡಿದಳು. ಎರಡನೆಯದನ್ನು ಬಿಡಿಸಿ ಬಲಭಾಗಗಳಿಗೆ ಹರಡಿದಳು, ತುದಿಯಲ್ಲಿ ನಿಂತಳು, ಕಣ್ಣು ಕಿರಿದು ಮಾಡಿದಳು, ಬಾಣ ಎಳೆದಳು.

"ಅಕ್ಕಾ, ಸವರಿ ನೋಡಿ."

ಕಾಜದಕ್ಕ ಎದ್ದು ಬಂದು ಅಂಗೈ ಇಟ್ಟಳು. ಬಾಣದ ಗುಂಟ ಸವರಿದರೆ ಅಂಗೈಗೆ ಒರಟು ಹತ್ತಿತು. ಬಟ್ಟೆ ತಲೆಕೆಳಗಾಗಿ ಬಿದ್ದಿತ್ತು.

ಅವಳು ಕೈ ತೆಗೆಯಲಿಲ್ಲ. ಎದುರಿಗೆ ಓರಗಿತ್ತಿ ಕತ್ತರಿ ಹಿಡಿದು ನಿಂತಿದ್ದಳು, ತೋಳು ಮೇಲೇರಿಸಿ, ರಾಣಿಯ ಹಾಗೆ. ಕತ್ತರಿಯ ಹಿಡಿಕೆ ನಾಲ್ಕು ವರ್ಷದ ಬಳಕೆಯಿಂದ ಹೊಳೆಯುತ್ತಿತ್ತು. ಆ ಹೊಳಪನ್ನೇ ಕಾಜದಕ್ಕ ನೋಡಿದಳು.

"ಸರಿ," ಎಂದಳು.

ಕತ್ತರಿ ಓಡಿತು.

ಮರುದಿನ ಮೊದಲ ಕೋಟನ್ನು ಕಾಜದಕ್ಕನೇ ಜೋಡಿಸಿದಳು, ಕೈ ತಡೆಯದೆ. ಇಸ್ತ್ರಿ ಅಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಉದ್ಗರಿಸಿದ. "ಏನ್ರಮ್ಮಾ ಇದು, ಅರ್ಧ ದಾಳಿಂಬೆ, ಅರ್ಧ ಬದನೆಕಾಯಿ! ಹಾಡೋರಿಗೋ, ತರಕಾರಿ ಮಾರೋರಿಗೋ?"

ಯಾರೋ ನಕ್ಕರು. ಮಾಲೀಕರು ನಗಲಿಲ್ಲ. ಕೋಟನ್ನು ಮೇಜಿನ ಮೇಲೆ ಎಸೆದು ಕಾಜದಕ್ಕನ ಕಡೆ ತಿರುಗಿದರು.

"ನೀನು ಸವರಿ ನೋಡಿದ್ಯಾ?"

"ನೋಡಿದೆ ಸಾರ್. ನಾನು ನೋಡ್ದಾಗ ಸರಿಯಾಗೇ ಇತ್ತು."

ಹುಸಿ ಬಾಣಕ್ಕೆ 'ಸರಿ' ಎಂದದ್ದು ಒಂದು ಸುಳ್ಳು. ಇದು ಎರಡನೆಯದು, ಮೊದಲಿನದಕ್ಕಿಂತ ಸಲೀಸಾಗಿ ಬಂತು. ಓರಗಿತ್ತಿ ಜಗಳಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಅವಳು ಕೋಟಿನ ಎರಡು ಬಣ್ಣವನ್ನು ಮೂಗಿಗೆ ಹತ್ತಿರ ಹಿಡಿದು ನೋಡಿ, ಮೆಲ್ಲಗೆ ಹೇಳಿದಳು, "ಅಕ್ಕ ನೋಡಿದ್ದಾರೆ ಅಂದ್ಮೇಲೆ ತಪ್ಪಿರಲ್ಲ. ಕತ್ತರಿಸೋವಾಗ ನಾನೇ ತಿರುಗಿಸಿಬಿಟ್ಟೆ ಅನ್ಸುತ್ತೆ."

"ಇಷ್ಟು ಹತ್ರ ಹಿಡ್ಕೊಂಡು ನೋಡ್ತೀಯಲ್ಲ, ಏನಾಗಿದೆ ನಿನ್ನ ಕಣ್ಣಿಗೆ?" ಎಂದರು ಮಾಲೀಕರು.

ಅವಳು ಕೋಟನ್ನು ಸರಕ್ಕನೆ ಮುಖದಿಂದ ದೂರ ಸರಿಸಿದಳು. ಅದೇ ಉತ್ತರವಾಯಿತು. ಸಂಜೆಗೆ ಕತ್ತರಿ ಕಾಜದಕ್ಕನ ಕೈಗೆ ಬಂತು, ಕಾಜದ ಮೂಲೆ ಓರಗಿತ್ತಿಗೆ.

ನಾಲ್ಕು ವರ್ಷ ಬಯಸಿದ್ದು ಸಿಕ್ಕಾಗ ಹೇಗಿರಬೇಕು? ಮರುದಿನ ಮೇಜಿನ ಮುಂದೆ ನಿಂತ ಕಾಜದಕ್ಕನಿಗೆ ಹಿಡಿಕೆ ಬೆರಳಿಗೆ ಹೊಂದಲಿಲ್ಲ. ಅದು ಇನ್ನೊಬ್ಬಳ ಬೆರಳಿಗೆ ಸವೆದಿತ್ತು. ಹಾಲು ಕಾಯಿಸುವಾಗ ಪ್ರಾರ್ಥನೆಯೂ 'ಯೇಸುವೇ' ಎಂಬಲ್ಲಿಗೇ ನಿಂತುಹೋಗಿತ್ತು. 'ಅವಳ ಕೆಲಸ ಉಳಿಯಲಿ' ಎಂದು ಹದಿನೈದು ದಿನ ಬೇಡಿ, ಆ ಕೆಲಸವನ್ನೇ ಕಿತ್ತುಕೊಂಡು ಬಂದವಳು ಹದಿನೇಳನೆಯ ದಿನ ದೇವರ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು? ಚೀಟಿಯನ್ನು ಮಡಿಸಿ ರವಿಕೆಯೊಳಗೆ ಸಿಕ್ಕಿಸಿಕೊಂಡು ಬಂದಿದ್ದಳು. ಅದು ಎದೆಗೆ ಚುಚ್ಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೂಲೆಯಿಂದ ದನಿ ಬಂತು. ಓರಗಿತ್ತಿ ಸೂಜಿ ಹಿಡಿದು ನಿಂತಿದ್ದಳು. ಎಡಗೈಯ ಎರಡು ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು.

"ಅಕ್ಕಾ, ಸ್ವಲ್ಪ ಪೋಣಿಸಿ ಕೊಡ್ತೀರಾ?"

ಕಾಜದಕ್ಕ ದಾರ ಪೋಣಿಸಿದಳು. ಕೊಡಲಿಲ್ಲ. ಅವಳ ತೋಳು ಹಿಡಿದು ದಾರದ ಉಂಡೆಗಳನ್ನಿಡುವ ಸಣ್ಣ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಬಟ್ಟೆ ನೀನು ತಿರುಗಿಸಲಿಲ್ಲ. ಹರಡಿದಾಗಲೇ ತಲೆಕೆಳಗಿತ್ತು. ನನ್ನ ಕೈಗೆ ಗೊತ್ತಾಯ್ತು. ಗೊತ್ತಾಗಿಯೇ ಸರಿ ಅಂದೆ."

ಓರಗಿತ್ತಿ ಮಿಕಮಿಕ ನೋಡಿದಳು. "ಯಾಕೆ?"

"ಹೊಟ್ಟೆಕಿಚ್ಚು. ಇನ್ಯಾಕೆ!" ಎಂದು ಕಾಜದಕ್ಕ, ತಪ್ಪು ಎದುರಿನವಳದೇ ಎಂಬಂತೆ, ರೇಗಿದಳು. ಆಮೇಲೆ ಚೀಟಿ ತೆಗೆದು ಅವಳ ಕೈಗಿಟ್ಟಳು.

ಅಕ್ಷರ ಕಾಣದಿದ್ದರೂ ಓರಗಿತ್ತಿಗೆ ಕಾಗದದ ಮಡಿಕೆ ಗೊತ್ತಾಯಿತು. ಅವಳ ಮುಖ ಬಿಳಿಚಿತು. "ಇದು ನಿನಗೆ ಸಿಕ್ಕಿತ್ತಾ? ಗೊತ್ತಿದ್ದೂ ಮಾಡಿದ್ಯಾ?" ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ 'ನೀನು' ಬಂದಿತ್ತು.

"ಗೊತ್ತಿದ್ದೇ."

"ಮತ್ತೆ ದಿನಾ ನನಗೋಸ್ಕರ ಪ್ರಾರ್ಥನೆ?"

"ಮಾಡ್ತಿದ್ದೆ. ಬಾಯಲ್ಲಿ."

"ನಾನು ಏನಂದ್ಕೊಂಡೆ ಗೊತ್ತಾ? ನನ್ನ ಕಣ್ಣಿನ ಜೊತೆ ಬುದ್ಧೀನೂ ಹೋಗ್ತಿದೆ ಅಂದ್ಕೊಂಡೆ. ನಿನ್ನೆಯಿಂದ ಒಲೆ ಹಚ್ಚೋಕೆ ಹೆದರ್ತಿದೀನಿ ನಾನು!" ಕೈಗೆ ಸಿಕ್ಕ ದಾರದ ಉಂಡೆಯನ್ನು ಎತ್ತಿ ಎಸೆದಳು. ಕಣ್ಣು ಮಂಜಾಗಿದ್ದರೂ ಗುರಿ ತಪ್ಪಲಿಲ್ಲ. ಕಾಜದಕ್ಕನ ಹಣೆಗೆ ಬಡಿಯಿತು.

ಕಾಜದಕ್ಕ ಹಣೆ ಉಜ್ಜಿಕೊಳ್ಳುತ್ತ ನೇರ ಮಾಲೀಕರ ಬಳಿಗೆ ಹೋದಳು. ನಿಂತರೆ ಧೈರ್ಯ ಸೋರಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು. 'ಸ್ವಾಮಿ, ಬಾಗಿಲ ತನಕ ನಡೆಸು ಸಾಕು,' ಎಂದು ಬೇಡಿಕೊಂಡಳು. ಆ ಹದಿನೇಳು ದಿನದಲ್ಲಿ ನಿಜವಾದ ಪ್ರಾರ್ಥನೆ ಅದೊಂದೇ. ಎಲ್ಲರೆದುರಿಗೇ ಎಲ್ಲ ಹೇಳಿದಳು. ಯಂತ್ರಗಳು ಒಂದೊಂದಾಗಿ ನಿಂತವು. ಇಸ್ತ್ರಿ ಅಣ್ಣ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತು ಸುಟ್ಟ ವಾಸನೆ ಎಬ್ಬಿಸಿದ.

ಮಾಲೀಕರು ಹಣೆ ಹಿಡಿದುಕೊಂಡರು. "ಈಗ ಕತ್ತರಿ ಯಾರ ಕೈಗೆ ಕೊಡ್ಲಿ? ಕಣ್ಣಿಲ್ಲದವಳಿಗೋ, ಮನಸ್ಸಿಲ್ಲದವಳಿಗೋ?"

"ಅವಳಿಗೇ ಕೊಡಿ ಸಾರ್. ಆಪರೇಷನ್ ಆಗೋ ತನಕ ಪ್ರತಿ ತುಂಡನ್ನೂ ನಾನು ನೋಡಿ ಹೇಳ್ತೀನಿ. ಆ ಬಲಭಾಗಗಳನ್ನ ಮೋಟು ಅಂಗಿಗೆ ತಿರುಗಿಸೋಣ, ಕೋಟಿಗೆ ಹೊಸ ಬಟ್ಟೆ ತರಿಸಿ. ಹೊಲಿಗೆಯೆಲ್ಲ ನಾನೇ ಬಿಚ್ಚಿ ಹಾಕ್ತೀನಿ."

"ನೀನು ಹೇಳಿದ್ದನ್ನ ನಾನು ನಂಬಬೇಕಲ್ಲ!"

ಅದಕ್ಕೆ ಉತ್ತರ ಬಂದದ್ದು ದಾರದ ಕೋಣೆಯ ಬಾಗಿಲಿನಿಂದ.

"ನೀವು ನಂಬೋದು ಬೇಡ ಸಾರ್. ಕತ್ತರಿ ಹಾಕೋಳು ನಾನು, ನಂಬಬೇಕಾದ್ದೂ ನಾನೇ." ಓರಗಿತ್ತಿ ಗೋಡೆ ಹಿಡಿದು ನಡೆದು ಬಂದು ಮೇಜಿನ ಮುಂದೆ ನಿಂತಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು. "ನಂಬ್ತೀನಿ," ಎಂದಳು, ಹಲ್ಲು ಕಚ್ಚಿ.

ಮಾಲೀಕರು ಎರಡು ತಿಂಗಳು ನೋಡೋಣ ಎಂದರು. ಅಷ್ಟಕ್ಕೇ ಒಪ್ಪಿದ್ದು ಕರುಣೆಯಿಂದಲೋ, ಬೇರೆ ಕತ್ತರಿಯವರು ಸಿಗದೆಯೋ, ಅವರಿಗೇ ಗೊತ್ತು.

ಅಂದು ಮೆಟ್ಟಿಲು ಇಳಿಯುವಾಗ ಓರಗಿತ್ತಿ ಕಾಜದಕ್ಕನ ತೋಳು ಹಿಡಿದುಕೊಂಡಳು, ಉಗುರು ಊರುವಷ್ಟು ಬಿಗಿಯಾಗಿ.

"ಕ್ಷಮಿಸಿಬಿಟ್ಟೆ ಅಂತ ಹಿಗ್ಗಬೇಡ. ಒಂದೇ ಸಲಕ್ಕೆ ಆಗಲ್ಲ ನನ್ನ ಕೈಲಿ. ಬೆಳಿಗ್ಗೆ ಎದ್ದು ಆ ದಿನದ್ದು ಕೇಳ್ಕೋತೀನಿ, ಸಿಕ್ಕಷ್ಟು ಕ್ಷಮಿಸ್ತೀನಿ."

"ಸಿಗದೇ ಇರೋ ದಿನ?"

"ದಾರದ ಉಂಡೆ ಇದ್ಯಲ್ಲ!"

ಅಂದಿನಿಂದ ಮಖಮಲ್ಲಿರಲಿ, ಸಾದಾ ಬಟ್ಟೆಯಿರಲಿ, ಕಾಜದಕ್ಕ ಓರಗಿತ್ತಿಯ ಕೈಯನ್ನು ತನ್ನ ಕೈಯಡಿ ಇಟ್ಟು ಸವರಿಸುತ್ತಿದ್ದಳು. "ನೋಡಬೇಡ. ಸವರು. ಈಗ ಹೇಳು." ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಅದು ಬೆಳಿಗ್ಗೆ ಅವಳಿಗಿಂತ ಮುಂಚೆ ಏಳುತ್ತಿತ್ತು. ಒಲೆಯ ಮುಂದೆ ನಿಂತು, "ಇದೋ ಸ್ವಾಮಿ, ಇವತ್ತೂ ಇದೆ, ನೋಡು," ಎಂದು ತೋರಿಸಿ, ಆ ದಿನಕ್ಕೆ ಸಾಲುವಷ್ಟು ಬಲ ಕೇಳಿಕೊಂಡು ಹೊರಡುತ್ತಿದ್ದಳು. ನಲವತ್ತು ದಿನ ಮುಗಿದದ್ದು ಅವಳ ಗಮನಕ್ಕೇ ಬರಲಿಲ್ಲ.

ಸರದಿ ಬಂತು, ಒಂದಾದ ಮೇಲೊಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಓರಗಿತ್ತಿ ಕಾಜದಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ ಅಕ್ಕಾ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?" ಎಂದಳು. ಓರಗಿತ್ತಿಯ ಕೂದಲು ಇನ್ನೂ ಕಡುಗಪ್ಪು. ಕಾಜದಕ್ಕನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಒಂದು ಕಣ್ಣು ಬಿಟ್ಟಿತು.

ಮುಂದಿನ ವರ್ಷ ಮರದ ಪೆಟ್ಟಿಗೆ ಸುತ್ತಿ ಬಂದಾಗ ಅವಳು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಳು. ಬೇರೆ ಏನಾದರೂ ಬರೆಯಬಹುದಿತ್ತು, ಮಂಡಿನೋವಿಗೆ ಬೇಡಿಕೊಳ್ಳಬಹುದಿತ್ತು. "ನನಗೆ ಹೊಟ್ಟೆಕಿಚ್ಚು. ದಿನಾ ಬರುತ್ತದೆ. ದಿನಾ ಬೇಡಿಕೊಳ್ಳಿ," ಎಂದು ಬರೆದಳು. ಚೀಟಿ ಯಾರ ಕೈಗೆ ಸಿಕ್ಕರೂ ಇದು ಕಾಜದಕ್ಕನದೆಂದು ಗೊತ್ತಾಗಲಿ ಎಂದು ಅಕ್ಷರಗಳನ್ನು ಮರೆಮಾಚದೆ, ದಪ್ಪಗೆ, ಒಂದೊಂದಾಗಿ ತಿದ್ದಿ, ಪೆಟ್ಟಿಗೆಗೆ ಹಾಕಿದಳು.