ಮರದ ಮಾವಿನಹಣ್ಣು

ಮಹಾಗಣಪತಿ ಮಾಸ್ತರರಿಗೆ ಮಾವಿನಹಣ್ಣು ಬೇಡವಾಗಿ ಹೋಗಿತ್ತು. ಪೈವಳಿಕೆಯಲ್ಲಿದ್ದ ಅವರ ತಮ್ಮ ಬುಟ್ಟಿ ತುಂಬ ಕಳಿಸಿದರೂ ಮುಟ್ಟುತ್ತಿರಲಿಲ್ಲ.

"ನಿಮಗೆ ಎಂತ ಆಗಿದೆ? ಮೊದಲೆಲ್ಲ ಗೊರಟು ಸಹ ಬಿಡ್ತಿರಲಿಲ್ಲ," ಎಂದು ಹೆಂಡತಿ ಈಶ್ವರಿ ಗೊಣಗುತ್ತಿದ್ದರು.

"ದಿನಾ ಅದನ್ನೇ ನೋಡುವುದಲ್ಲವಾ. ಸಾಕಾಗಿದೆ."

ಅವರು ದಿನಾ ನೋಡುತ್ತಿದ್ದದ್ದು ಮರದ ಮಾವಿನಹಣ್ಣು. ಹೊಸಂಗಡಿಯಿಂದ ಎರಡು ಮೈಲಿ ಈಚೆಗಿದ್ದ ಟ್ರೈನಿಂಗ್ ಶಾಲೆಯಲ್ಲಿ, ಮಾಸ್ತರಿಕೆಗೆ ಬರುವವರಿಗೆ ಇಂಗ್ಲಿಷ್ ಕಲಿಸುವ ಕ್ರಮವನ್ನು ಹೇಳಿಕೊಡುವುದು ಅವರ ಕೆಲಸ. ಸೇರಿದ ಹೊಸತರಲ್ಲಿ ಅವರೇ ಹುರುಪಿನಿಂದ ಆಚಾರಿಯ ಮನೆಯಲ್ಲಿ ಕೂತು ಕೆತ್ತಿಸಿದ್ದರು: ಮಾವು, ಬದನೆ, ಬಾಳೆ, ಸೌತೆ. ಅವನ್ನು ಒಂದು ಬುಟ್ಟಿಯಲ್ಲಿಟ್ಟು 'ಸಂತೆ' ಎಂಬ ಮಾದರಿ ಪಾಠ ಬರೆದರು. ಅದು ೧೯೩೮. ಈಗ ೧೯೫೨. ಬಣ್ಣವೆಲ್ಲ ಹೋಗಿ, ತೊಟ್ಟು ನೋಡಿಯೇ ಮಾವೋ ಬದನೆಯೋ ಎಂದು ತಿಳಿಯಬೇಕಿತ್ತು.

ಟ್ರೈನಿಂಗಿಗೆ ಬಂದವರೆಲ್ಲ ಪಕ್ಕದ ಎಂಟನೇ ಕ್ಲಾಸಿಗೆ ಅದೇ ಬುಟ್ಟಿ ಹೊತ್ತು ಹೋಗುತ್ತಿದ್ದರು. ಮೀಸೆ ಚಿಗುರಿದ ಹುಡುಗರು, ದಾವಣಿ ಹಾಕಿದ ಹುಡುಗಿಯರು "ದಿಸ್ ಈಸ್ ಎ ಮ್ಯಾಂಗೋ" ಎಂದು ಹಾಡುತ್ತಿದ್ದರು. ಪರೀಕ್ಷೆಯ ಅಂಕಪಟ್ಟಿಯಲ್ಲಿ 'ತಪ್ಪು ತಿದ್ದುವಿಕೆ'ಗೆ ಹತ್ತು ಅಂಕವಿತ್ತು. ಮಕ್ಕಳು ತಪ್ಪದೆ ಹೇಳಿದರೆ ತಿದ್ದುವುದು ಏನನ್ನು? ಹಿಂದೊಮ್ಮೆ ಯಾರೋ ಒಬ್ಬರು ದಮ್ಮಯ್ಯ ಹಾಕಿ ಒಬ್ಬ ಹುಡುಗನಿಂದ ತಪ್ಪು ಹೇಳಿಸಿದ್ದರು. ಅಂದಿನಿಂದ ಅದು ವರ್ಷಕ್ಕೊಬ್ಬನಿಗೆ ಬರುವ ಹಕ್ಕಾಗಿತ್ತು. ಈ ವರ್ಷದ ಹಕ್ಕುದಾರ ಪುರುಷೋತ್ತಮ. ಬದನೆ ತೋರಿಸಿದರೆ ಎದ್ದು ನಿಂತು, ಮಾವು ಎನ್ನಬೇಕು.

ಮಾಸ್ತರರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಾದ ವರ್ಷ ಸಿಟ್ಟು ಬಂದಿತ್ತು. ಮರುವರ್ಷ ನಗು ಬಂತು. ಆಮೇಲೆ ಏನೂ ಬರಲಿಲ್ಲ. ಎಲ್ಲರಿಗೂ ಐವತ್ತರಲ್ಲಿ ಮೂವತ್ತೈದು ಕೊಟ್ಟು, ಎದುರಿಗೆ 'ತೃಪ್ತಿಕರ' ಎಂದು ಬರೆದು ಮನೆಗೆ ಹೋಗುತ್ತಿದ್ದರು.

ಮಾರ್ಚಿನ ಪರೀಕ್ಷೆಯ ಹಿಂದಿನ ದಿನ, ಪುತ್ತಿಗೆಯಿಂದ ಟ್ರೈನಿಂಗಿಗೆ ಬಂದ ದೇವಕಿ ಬುಟ್ಟಿಯೊಂದಿಗೆ ಬಂದು ನಿಂತಳು. ಹೋದ ವರ್ಷ ಜ್ವರದಲ್ಲಿ ಪಾಠ ಅರ್ಧಕ್ಕೆ ನಿಂತು ಫೇಲಾಗಿದ್ದಳು. ಈ ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ, ಊರಿನ ಶಾಲೆಯಲ್ಲಿ ಅವಳಿಗೆಂದು ಇಟ್ಟ ಕೆಲಸ ಬೇರೆಯವರ ಪಾಲು.

"ಮಾಸ್ಟ್ರೇ, ಆ ಪುರುಷೋತ್ತಮ ನನಗೇ ಹೇಳ್ತಾನೆ, 'ಟೀಚರ್, ಬದನೆ ಮೂರನೆಯದಾಗಿ ತೆಗೀರಿ, ನನ್ನ ತಪ್ಪು ಆಗ' ಅಂತ. ನಾನು ಕಲಿಸುವುದು ಯಾರಿಗೆ?"

"ನಾಳೆ ಒಂದು ದಿನ ಹಾಗೇ ಮಾಡು ಮಗಳೇ. ಪಾಸಾಗು. ಆಮೇಲೆ ಪುತ್ತಿಗೆಯಲ್ಲಿ ನಿನಗೆ ಬೇಕಾದ ಹಾಗೆ ಕಲಿಸು."

"ಅಲ್ಲಿನ ಮಕ್ಕಳಿಗೆ ಈ ಪಾಠ ಬಾಯಿಪಾಠ ಇಲ್ಲ. ಅವರ ಎದುರು ನಾನು ಎಂತ ಮಾಡಲಿ?"

ಮಾಸ್ತರರು ಕೊಡೆ ಎತ್ತಿಕೊಂಡು ಮನೆಗೆ ಹೊರಟರು. ಸೆಕೆಗೆ ತಲೆ ಸಿಡಿಯುತ್ತಿತ್ತು.

ಮರುದಿನ ಮಂಗಳೂರಿನಿಂದ ಬಂದ ಪರೀಕ್ಷಕರ ಪಕ್ಕ, ಹಿಂದಿನ ಬೆಂಚಿನಲ್ಲಿ ಅವರು ಕೂತಿದ್ದರು. ದೇವಕಿ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಿದ ಬಟ್ಟೆ ತೆಗೆಯಲಿಲ್ಲ. ಇವತ್ತು ಶಾಲೆಗೆ ಹೇಗೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕ್ಲಾಸು ಸ್ತಬ್ಧವಾಯಿತು. ಪುರುಷೋತ್ತಮ ಬುಟ್ಟಿಯನ್ನೇ ನೋಡುತ್ತಿದ್ದ. ದೇವಕಿ ಇನ್ನೊಮ್ಮೆ ಕೇಳಿದಳು, ಎರಡು ಹೆಜ್ಜೆ ನಡೆದು ತೋರಿಸಿದಳು, ಕಾದಳು. ಆ ಕೋಣೆಯಲ್ಲಿ ಅಷ್ಟು ಹೊತ್ತು ಯಾರೂ ಒಂದು ಉತ್ತರಕ್ಕೆ ಕಾದದ್ದನ್ನು ಮಾಸ್ತರರು ಕಂಡಿರಲಿಲ್ಲ.

ಕೊನೆಗೆ ಹೊಸಂಗಡಿಯ ತುಂಗಾ ಎದ್ದಳು. "ಬಸ್ ನೋ ಕಮ್. ಐ ವಾಕ್."

"ವಿತ್ ಹೂಮ್?"

"ಮೈ ಅಕ್ಕ."

ಮಕ್ಕಳು ಗೊಳ್ಳೆಂದರು. ತುಂಗಾಳೂ ನಕ್ಕಳು. ಮೂಲೆಯಿಂದ ಯಾರೋ, "ಐ ಆಲ್ಸೋ ವಾಕ್, ಟೀಚರ್!" ಎಂದು ಕೂಗಿದರು. ಅಷ್ಟರಲ್ಲಿ ಗಂಟೆಯಾಯಿತು.

ಆಫೀಸಿನ ಕೋಣೆಯಲ್ಲಿ ಪರೀಕ್ಷಕರು ತಮ್ಮ ಪಾಲಿನ ಐವತ್ತರಲ್ಲಿ ಹನ್ನೆರಡು ಅಂಕ ಹಾಕಿದರು. "ಎಂತ ಮಾಸ್ಟ್ರೇ ಇದು? ಉಪಕರಣ ತೆಗೆಯಲಿಲ್ಲ, ತಪ್ಪು ತಿದ್ದಲಿಲ್ಲ. ಬಸ್ ನೋ ಕಮ್ ಅಂತೆ!"

ಇಬ್ಬರದೂ ಸೇರಿ ಐವತ್ತಾದರೆ ಪಾಸು. ಮಾಸ್ತರರ ಕೈ ಅಭ್ಯಾಸಬಲದಿಂದ ಮೂವತ್ತೈದರ ಮೂರನ್ನು ಬರೆಯಲು ಹೊರಟಿತು. ಮೂವತ್ತೈದು ಬಿದ್ದರೆ ನಲವತ್ತೇಳು. ಹುಡುಗಿ ಮನೆಗೆ. ಅವರು ಪೆನ್ನು ಎತ್ತಿ, ನಲವತ್ತು ಎಂದು ಬರೆದರು.

"ಹದಿನಾಲ್ಕು ವರ್ಷದಲ್ಲಿ ಮೂವತ್ತೈದು ಬಿಟ್ಟು ಕೊಟ್ಟದ್ದುಂಟಾ ನೀವು? ಮೇಲಿನವರು ಕಾರಣ ಕೇಳ್ತಾರೆ."

'ತೃಪ್ತಿಕರ' ಬರೆಯುವ ಜಾಗದಲ್ಲಿ ಮಾಸ್ತರರು ನಿಧಾನವಾಗಿ ಬರೆದರು: 'ಕೇಳಿದವಳಿಗೆ ಉತ್ತರ ಮೊದಲೇ ಗೊತ್ತಿರಲಿಲ್ಲ. ಹೇಳಿದವಳು ತನ್ನ ಮಾತು ಹೇಳಿದಳು.'

ಪರೀಕ್ಷಕರು ಓದಿದರು. "ಹಾಗಾದರೆ ಇಷ್ಟು ವರ್ಷ ಪಾಸಾದವರು?"

"ಅದಕ್ಕೆ ನಾನು ಜವಾಬ್ದಾರ. ಅದನ್ನೂ ಬರೆಯಬೇಕಾ?"

"ಬೇಡ ಮಾರಾಯ್ರೇ, ನನಗೆ ಬಸ್ಸು ಹಿಡಿಯಲಿಕ್ಕುಂಟು," ಎಂದು ಅವರು ಸಹಿ ಹಾಕಿ ಎದ್ದರು.

ಮಾಸ್ತರರು ಬುಟ್ಟಿಯನ್ನು ಕಪಾಟಿನಲ್ಲಿಟ್ಟರು. ಜೂನಿನಲ್ಲಿ ಹೊಸಬರು ಬರುತ್ತಾರೆ. ಬೇರೆ ಪಾಠ ಬರೆಯಬೇಕು. ಅದನ್ನು ನೆನೆದೇ ಮೈ ಸೋತಿತು. ಹೊರಗೆ ಬಾವಿಕಟ್ಟೆಯ ಬಳಿ ಪುರುಷೋತ್ತಮ ಮುಖ ಸಣ್ಣದು ಮಾಡಿ ನಿಂತಿದ್ದ.

"ಮಾಸ್ಟ್ರೇ, ಟೀಚರ್ ಬುಟ್ಟಿ ತೆಗೀಲೇ ಇಲ್ಲ. ನನ್ನ ತಪ್ಪು ಹಾಗೇ ಉಳಿಯಿತು."

"ಉಳಿಯಲಿ ಬಿಡು," ಎಂದರು ಮಾಸ್ತರರು. "ನೀನು ಹೇಗೆ ಬಂದೆ ಇವತ್ತು ಶಾಲೆಗೆ?"

ಹುಡುಗ ಕನ್ನಡದಲ್ಲಿ ಬಾಯಿ ತೆರೆದವನು, ನಿಲ್ಲಿಸಿ, ಯೋಚಿಸತೊಡಗಿದ. ಮಾಸ್ತರರು ಕೊಡೆಯನ್ನು ಕಟ್ಟೆಗೆ ಒರಗಿಸಿ, ಕಾಯುತ್ತ ಕೂತರು.