ಸುಂದ್ರವ್ವ ಉಜ್ಜಿದ ತಾಮ್ರ

ಗಂಧಕಕ್ಕೆ ಆ ಹೆಸರಿಟ್ಟ ಮಹಾನುಭಾವನಿಗೆ ಮೂಗಿತ್ತೇ ಎಂಬುದು ಸುಂದ್ರವ್ವನ ಬಹುಕಾಲದ ಅನುಮಾನ. "ಗಂಧ ಅಂದ್ರ ಹಣಿಗಿ ಹಚ್ಚೂದು. ಈ ಗಂಧ ಹಚ್ಕೊಂಡ್ರ ಗಂಡ ಮನಿ ಬಿಟ್ಟು ಓಡ್ತಾನ," ಎನ್ನುತ್ತಿದ್ದಳು. ಆಕೆಯ ಗಂಡ ಖಂಡಪ್ಪ ಓಡಿಹೋಗುವ ಪೈಕಿಯಲ್ಲ. ನೀರಿನ ಟ್ಯಾಂಕರ್ ಓಡಿಸುವ ಪೈಕಿ.

ಮುಂಬೈಯ ಚೆಂಬೂರಿನ ಆಚೆ, ಚಿಮಣಿಗಳು ಸಾಲಾಗಿ ನಿಂತ ದಿಕ್ಕಿನಲ್ಲಿ ಕಚ್ಚಾತೈಲವನ್ನು ಶುದ್ಧಮಾಡುವ ಒಂದು ಕಾರ್ಖಾನೆ. ಅದರ ಪ್ರಯೋಗಾಲಯದಲ್ಲಿ ಸುಂದ್ರವ್ವನ ಕೆಲಸ ತಾಮ್ರ ತಿಕ್ಕುವುದು. ಕೊಡವಲ್ಲ, ತಂಬಿಗೆಯಲ್ಲ, ಬೆರಳುದ್ದದ ಒಂದು ಪಟ್ಟಿ. ಅದನ್ನು ಡೀಸೆಲ್ ತುಂಬಿದ ಗಾಜಿನ ಕೊಳವೆಗಿಳಿಸಿ ಬಿಸಿನೀರಿನ ತೊಟ್ಟಿಯಲ್ಲಿ ಮೂರು ತಾಸು ಇಡುತ್ತಾರೆ. ಪಟ್ಟಿ ಹೊಳೆಯುತ್ತಲೇ ಹೊರಬಂದರೆ ಡೀಸೆಲ್ ಸಂಭಾವಿತ. ಬಣ್ಣಗೆಟ್ಟರೆ, ಒಳಗೆಲ್ಲೋ ಗಂಧಕದ ತುಂಟ ಸಂತಾನ ಅಡಗಿದೆ, ಲೋಹ ಕಂಡಲ್ಲಿ ಕಚ್ಚುತ್ತದೆ ಎಂದರ್ಥ.

ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಬಂದವಳು ಮೊದಲ ಹತ್ತು ವರ್ಷ ಬಿಲ್ಡಿಂಗ್ ಕಟ್ಟುವವರ ಹತ್ತಿರ ಸಿಮೆಂಟು ಹೊತ್ತಳು. ಇಂದಿಗೂ ಲೋಕಲ್ ರೈಲಿನ ಕಿಟಕಿಯಿಂದ ಕೈತೋರಿಸಿ, "ಅದರ ಆರನೇ ಮಾಳಿಗಿ ನನ್ನ ತಲಿ ಮ್ಯಾಲ ಹಾದು ಹೋಗೇತಿ" ಎಂದು ಪಕ್ಕದವರಿಗೆ ಹೇಳುವುದುಂಟು. ಆಮೇಲೆ ಗುತ್ತಿಗೆದಾರನೊಬ್ಬ ನೆಲ ಒರೆಸಲು ಪ್ರಯೋಗಾಲಯಕ್ಕೆ ಕಳಿಸಿದ. ಅಲ್ಲಿ ಪದವಿ ಪಡೆದ ಹುಡುಗರು ತಾಮ್ರ ಉಜ್ಜುವುದನ್ನು ಎರಡು ವಾರ ನೋಡಿದಳು. ಮೂರನೇ ವಾರ ತಡೆಯಲಾಗಲಿಲ್ಲ.

"ಹಂಗ ನಡುವಷ್ಟ ತಿಕ್ಕಿದ್ರ ಅಂಚು ಏನ್ ಪಾಪ ಮಾಡ್ಯಾವ್ರಿ? ಅಂಚಿಗೆ ಕೂತದ್ದು ನಡುವಕ ಬರತೈತಿ."

ರಸಾಯನ ತಜ್ಞೆ ಧಾತ್ರಿ ಮೈಸೂರಿನ ಕಡೆಯವಳು, ಮಾತು ಕಡಿಮೆ. ಹುಡುಗರು ಉಜ್ಜಿದ ಪಟ್ಟಿಯನ್ನೂ ಸುಂದ್ರವ್ವ ಉಜ್ಜಿ ತೋರಿಸಿದ್ದನ್ನೂ ಬೆಳಕಿಗೆ ಹಿಡಿದು ನೋಡಿದಳು, ಒರೆಸುವ ಬಟ್ಟೆಯನ್ನು ಸುಂದ್ರವ್ವನ ಕೈಯಿಂದ ತೆಗೆದು ಚಿಮ್ಮಟವನ್ನು ಇಟ್ಟಳು. ಅದಾಗಿ ಎಂಟು ವರ್ಷ. ಉಜ್ಜಿದ ತಾಮ್ರವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರೂ ಕಲೆಯಾಗುತ್ತದೆ. ಚಿಮ್ಮಟದಲ್ಲಿ ಹಿಡಿದು, ಆರೂ ಮೈ ಉದ್ದುದ್ದಕ್ಕೆ ಉಜ್ಜಿ, ಹೊಸ ಹತ್ತಿಯಲ್ಲಿ ಒರೆಸಿದಾಗ ಹತ್ತಿ ಬೆಳ್ಳಗೇ ಉಳಿಯುವವರೆಗೂ ಬಿಡುವಂತಿಲ್ಲ. ಇಷ್ಟು ಮಡಿ ತನ್ನ ಅತ್ತೆಗೂ ಇರಲಿಲ್ಲ ಎಂದು ಸುಂದ್ರವ್ವ ಒಪ್ಪಿಕೊಂಡಿದ್ದಳು.

ಆಕೆಯನ್ನು ಬೆರಗುಗೊಳಿಸಿದ್ದು ಮಡಿಯಲ್ಲ, ಲೆಕ್ಕ. ಡೀಸೆಲ್‌ನಲ್ಲಿ ಈಗ ಎಷ್ಟು ಗಂಧಕ ಇರಬಹುದು ಎಂದು ಒಮ್ಮೆ ಕೇಳಿದ್ದಳು. ಹತ್ತು ಲಕ್ಷದಲ್ಲಿ ಹತ್ತು ಪಾಲು ಎಂದಳು ಧಾತ್ರಿ. ಸುಂದ್ರವ್ವನ ಮುಖ ನೋಡಿ ಬಿಡಿಸಿ ಹೇಳಿದಳು: "ಮೂವತ್ತು ಕೆಜಿ ಜೋಳ ಅಂದ್ಕೊಳ್ಳಿ. ಅದ್ರಲ್ಲಿ ಹತ್ತೇ ಹತ್ತು ಕಾಳು."

"ಮೊದಲ ಎಷ್ಟಿತ್ತು?"

"ನೀವು ಮುಂಬೈಗೆ ಬಂದಾಗ? ಹಿಡಿಗಟ್ಟಲೆ."

ಸುಂದ್ರವ್ವ ಅಂದು ಊಟ ಮರೆತಳು. ಆ ಕಾಲದಲ್ಲಿ ಖಂಡಪ್ಪ ಸಂಜೆ ಮೂಗು ಒರೆಸಿಕೊಂಡರೆ ಟವೆಲ್ ಕಪ್ಪಾಗುತ್ತಿತ್ತು. ಜೋಳವನ್ನು ಮೊರದಲ್ಲಿ ಕೇರಿ ಕಲ್ಲು ಆರಿಸಿದವಳು ಆಕೆ. ಎಣ್ಣೆಯೊಳಗಿನ, ಕಣ್ಣಿಗೆ ಕಾಣದ ಕಾಳನ್ನು ಕೇರುವ ಮೊರ ಯಾವುದು? ಧಾತ್ರಿ ಕಿಟಕಿಯಾಚೆ ಹತ್ತು ಮಾಳಿಗೆ ಎತ್ತರದ ಉಕ್ಕಿನ ಗೋಪುರ ತೋರಿಸಿದಳು. ಅದರೊಳಗೆ ಕೆಂಡದಂಥ ಕಾವಿನಲ್ಲಿ ಹೈಡ್ರೋಜನ್ ಎಂಬ ಜನ ಕಾದಿರುತ್ತಾರೆ. ಡೀಸೆಲ್ಲಿನ ಮನೆಯಲ್ಲಿ ಕೂತ ಗಂಧಕದ ಕೈಹಿಡಿದು ಎಬ್ಬಿಸಿಕೊಂಡು ಹೋಗುತ್ತಾರೆ. ಇಬ್ಬರೂ ಕೂಡಿದರೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ. ಮುಂದಿನ ಗೋಪುರದಲ್ಲಿ ಆ ಗಾಳಿಯನ್ನು ಹಬೆಯಿಂದ ಹೊಡೆದೋಡಿಸುತ್ತಾರೆ. ಕೊನೆಗೆ ಅದು ಹಳದಿ ಪುಡಿಯಾಗಿ ಗೊಬ್ಬರದವರಿಗೆ ಹೋಗುತ್ತದೆ. ಒಮ್ಮೆ ಆ ಹಳದಿ ಗುಡ್ಡೆಯನ್ನು ನೋಡಿದ ಸುಂದ್ರವ್ವ ಸೆರಗು ತಲೆಗೆಳೆದುಕೊಂಡಳು. ಇಷ್ಟನ್ನೂ ಈ ಊರು ಮೊದಲು ಉಸಿರಾಡುತ್ತಿತ್ತು!

ಶುದ್ಧಿಯಾದದ್ದು ಸುದ್ದಿಯಾಗುವುದಿಲ್ಲ. ಹಾಗಾಗಿ ಎಂಟು ವರ್ಷ ಸುಂದ್ರವ್ವನ ಹೆಸರು ಯಾರ ಬಾಯಿಗೂ ಬಂದಿರಲಿಲ್ಲ. ಬಂದದ್ದು ಕಳೆದ ಮಾಘದ ಒಂದು ಮಂಗಳವಾರ.

ಅಂದು ಬೆಳಿಗ್ಗೆ ತೊಟ್ಟಿಯಿಂದ ಹೊರಬಂದ ಪಟ್ಟಿ ನವಿಲಾಗಿತ್ತು. ಕೆಂಪು, ಹಸಿರು, ನಡುವೆ ನೇರಳೆ, ತಿರುಗಿಸಿದರೆ ಬಂಗಾರ. ಎಂಟು ವರ್ಷದಲ್ಲಿ ಸುಂದ್ರವ್ವ ಗೋಡೆಯ ಬಣ್ಣದ ಪಟದಲ್ಲಿ ಮಾತ್ರ ಕಂಡಿದ್ದ ಬಣ್ಣ. "ಎವ್ವಾ, ಎಷ್ಟ್ ಚಂದ!" ಎಂದುಬಿಟ್ಟಳು. ಧಾತ್ರಿಯ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಳು.

ಡೀಸೆಲ್ ರವಾನೆಯ ಅಧಿಕಾರಿ ನಂಜುಂಡ ಓಡುತ್ತಲೇ ಬಂದ. ಎಂಬತ್ತು ಲಕ್ಷ ಲೀಟರಿನ ಟ್ಯಾಂಕು ತುಂಬಿ ನಿಂತಿತ್ತು, ಪೈಪ್‌ಲೈನಿನ ಆ ತುದಿಯಲ್ಲಿ ಡೀಸೆಲ್ ಪಡೆಯುವವರು ಕಾದಿದ್ದರು.

"ಮಿಷಿನ್ ಏಳು ಅಂತ ತೋರಿಸ್ತಿದೆ ಕಣ್ರೀ ಧಾತ್ರಿ! ಹತ್ತರೊಳಗೆ ಇದೆ. ಐವತ್ತು ಲಕ್ಷದ ಮಿಷಿನ್ ಸುಳ್ಳು, ಈ ತಾಮ್ರದ ಚೂರು ಸತ್ಯವಾ?"

"ಎರಡೂ ಸತ್ಯ ಇರಬಹುದು ಸರ್. ಗಂಧಕ ಒಟ್ಟು ಎಷ್ಟಿದೆ ಅಂತ ಮಿಷಿನ್ ಎಣಿಸುತ್ತೆ. ಅದು ಕಚ್ಚುತ್ತಾ ಇಲ್ವಾ ಅಂತ ತಾಮ್ರ ಹೇಳುತ್ತೆ."

ನಂಜುಂಡ ಸುಂದ್ರವ್ವನ ಕಡೆ ತಿರುಗಿ ದನಿ ಇಳಿಸಿದ. "ಸುಂದ್ರವ್ವ, ಪಟ್ಟಿಗೆ ಕೈ ತಾಗಿರುತ್ತೆ ಅಲ್ವಾ? ಒಂದು ಹೂಂ ಅಂದ್ಬಿಡಿ. ಪಟ್ಟಿ ಕೆಟ್ಟಿತ್ತು ಅಂತ ಬರೀತೀವಿ, ಟ್ಯಾಂಕಿನ ಮಾಲು ಹೋಗುತ್ತೆ. ನಿಮಗೇನೂ ಆಗಲ್ಲ."

ಧಾತ್ರಿ ಏನೋ ವಾಸನೆ ಹಿಡಿದಂತೆ ಮೂಗರಳಿಸಿದಳು. "ಸುಂದ್ರವ್ವ, ಬೆಳಿಗ್ಗೆ ಏನು ತಿಂದಿದ್ರಿ?"

"ರೊಟ್ಟಿ... ಬಳ್ಳೊಳ್ಳಿ ಖಾರ."

ಬೆಳ್ಳುಳ್ಳಿಯಲ್ಲೂ ಗಂಧಕವೇ ಇರುವುದು ಎಂದು ಧಾತ್ರಿ ಮೆಲ್ಲಗೆ ಹೇಳಿದಾಗ ಸುಂದ್ರವ್ವ ತನ್ನ ಬೆರಳುಗಳನ್ನು ಮೂಸಿ ನೋಡಿದಳು. ಗಂಧಕ ಬಂದರಿನ ಹಡಗಿನಲ್ಲಿ ಬರುತ್ತದೆ ಎಂದುಕೊಂಡಿದ್ದಳು. ಅದು ತನ್ನ ಒರಳಿನಲ್ಲೇ ಕೂತಿತ್ತೇ? ಕೈಯನ್ನು ಸಾಬೂನಿನಲ್ಲಿ ಎರಡು ಸಲ ತೊಳೆದಿದ್ದಳು. ಚಿಮ್ಮಟ ಬಿಟ್ಟು ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲವೇ? ಎಂಟು ವರ್ಷದಲ್ಲಿ ಮೊದಲ ಸಲ ತನ್ನ ಬೆರಳುಗಳ ಮೇಲೇ ಆಕೆಗೆ ಸಂಶಯ ಬಂತು. ಹೂಂ ಎನ್ನುವುದು ಸುಲಭವಿತ್ತು. ಎಂದರೆ ಟ್ಯಾಂಕಿನ ಮಾಲು ಹೊರಡುತ್ತದೆ. ಡೀಸೆಲ್ಲೇ ಕೆಟ್ಟಿದ್ದರೆ ಖಂಡಪ್ಪನಂಥ ಸಾವಿರ ಜನರ ಗಾಡಿಯೊಳಗೆ ಅದು ಕೂರುತ್ತದೆ. ಆಮೇಲೆ ಈ ಕೈ ಹೇಳಿದ್ದನ್ನು ಯಾರೂ ನಂಬುವುದಿಲ್ಲ, ತಾನೂ.

"ನಾ ಮುಟ್ಟಿಲ್ರಿ," ಎಂದಳು. "ಮುಟ್ಟೀನಿ ಅಂತ ತೋರಿಸ್ರಿ, ನಾಳಿಂದ ಮತ್ತ ನೆಲಾನ ಒರಸ್ತೀನಿ. ತೋರಿಸದ ಹೂಂ ಅನ್ನಾಂಗಿಲ್ಲ."

"ತೋರಿಸೋಣ," ಎಂದಳು ಧಾತ್ರಿ. "ಅದಲುಬದಲು ಮಾಡೋಣ."

ನಿನ್ನೆ ಪಾಸಾದ ಡೀಸೆಲ್ಲಿನ ಬಾಟಲಿ ಬೀರುವಿನಲ್ಲಿತ್ತು. ಸುಂದ್ರವ್ವ ಅದೇ ಕೈಯಿಂದ ಹೊಸದಾಗಿ ಉಜ್ಜಿದ ಪಟ್ಟಿ ನಿನ್ನೆಯ ಡೀಸೆಲ್ಲಿಗೆ. ಧಾತ್ರಿ ತಾನೇ ಉಜ್ಜಿದ ಪಟ್ಟಿ ಇಂದಿನ ಡೀಸೆಲ್ಲಿಗೆ. ಕೈ ಕೆಟ್ಟಿದ್ದರೆ ಮೊದಲನೆಯದು ಕೆಡಬೇಕು, ಡೀಸೆಲ್ ಕೆಟ್ಟಿದ್ದರೆ ಎರಡನೆಯದು. ನಂಜುಂಡ ಮೂರು ತಾಸಿನಲ್ಲಿ ಹನ್ನೊಂದು ಫೋನ್ ತೆಗೆದುಕೊಂಡ, ಹನ್ನೊಂದಕ್ಕೂ "ದೋ ಮಿನಿಟ್" ಎಂದ. ಸುಂದ್ರವ್ವ ತೊಟ್ಟಿಯ ಎದುರು ಸ್ಟೂಲಿನ ಮೇಲೆ ಕೂತೇ ಇದ್ದಳು. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಅದರಲ್ಲೂ ಅದೇ ಖಾರವಿತ್ತು.

ಎರಡೂವರೆಗೆ ಧಾತ್ರಿ ಮೊದಲ ಕೊಳವೆ ಎತ್ತಿದಳು. ಸುಂದ್ರವ್ವನ ಪಟ್ಟಿ ಆಗತಾನೆ ತಿಕ್ಕಿದ ಹಾಗೆ, ಹಣ್ಣಾದ ಕಿತ್ತಳೆಯ ಹಾಗೆ ಹೊಳೆಯಿತು. ಎರಡನೆಯದನ್ನು ಎತ್ತಿದಳು.

ನವಿಲು.

ನಂಜುಂಡ ಇನ್ನೊಂದು ಫೋನ್ ಮಾಡಿದ, ಈ ಸಲ ಘಟಕಕ್ಕೆ. ಹಬೆಯಿಂದ ದುರ್ಗಂಧವನ್ನು ಓಡಿಸುವ ಎರಡನೇ ಗೋಪುರ ನೋಡಿ ಎಂದ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ರಾತ್ರಿಯಿಂದಲೇ ಹಬೆಯ ಒಂದು ವಾಲ್ವು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಓಡಬೇಕಾದ ಗಾಳಿ ಒಂದಿಷ್ಟು ಡೀಸೆಲ್ಲಿನಲ್ಲೇ ಉಳಿದಿತ್ತು. ಎಷ್ಟು ಎಂದು ಸುಂದ್ರವ್ವ ಕೇಳಿದಳು.

"ನಿಮ್ಮ ಜೋಳದ ಲೆಕ್ಕದಲ್ಲಾ?" ಧಾತ್ರಿ ಯೋಚಿಸಿದಳು. "ಒಂದು ಕಾಳು. ಬಹುಶಃ ಎರಡು."

ನಂಜುಂಡ ಟ್ಯಾಂಕು ತಡೆದ ಕಾಗದಕ್ಕೆ ಸಹಿ ಹಾಕಿ, ಹೋಗುವಾಗ ಬಾಗಿಲಲ್ಲಿ ನಿಂತ. "ಸುಂದ್ರವ್ವ, ಬೆಳಿಗ್ಗೆ ನಾನು ಹೇಳಿದ್ದು..."

"ಅದನ್ನ ಅಲ್ಲೇ ಬಿಡ್ರಿ ಸಾಹೇಬ್ರ. ನನಗೂ ಒಂದ್ ಗಳಿಗಿ ಹಂಗ ಅನಿಸಿತ್ತು."

ಟ್ಯಾಂಕಿನ ಡೀಸೆಲ್ ಮತ್ತೆ ಗೋಪುರಕ್ಕೆ ತಿರುಗಿತು. ಸಂಜೆಯ ಪರೀಕ್ಷೆಗೆ ಪಟ್ಟಿ ಬೇಕಿತ್ತು, ಉಜ್ಜಿ ಮತ್ತೆ ಬಳಸಲು ಮೊದಲು ಸಿಕ್ಕಿದ್ದು ಬೆಳಗಿನ ನವಿಲೇ. ಸುಂದ್ರವ್ವ ಅದನ್ನು ಚಿಮ್ಮಟದಲ್ಲಿ ಹಿಡಿದು ಕಿಟಕಿಯ ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಉಜ್ಜಿದಳು. ನಾಲ್ಕೇ ಎಳೆತಕ್ಕೆ ಹಸಿರು ಹೋಯಿತು, ಆರನೆಯದಕ್ಕೆ ನೇರಳೆ. ಎಂಬತ್ತು ಲಕ್ಷ ಲೀಟರನ್ನು ನಿಲ್ಲಿಸಿದ ಬಣ್ಣ ಹತ್ತಿಯ ಮೇಲೆ ಕಾಡಿಗೆಯ ಗೀಟಿನಷ್ಟೂ ಇರಲಿಲ್ಲ.

"ಇಷ್ಟ ತೆಳ್ಳಗ ಇತ್ತೇನ್ರಿ?" ಎಂದು ಹತ್ತಿಯನ್ನು ಧಾತ್ರಿಯತ್ತ ಚಾಚಿದಳು.

ಧಾತ್ರಿಯೂ ಬಗ್ಗಿ ನೋಡಿದಳು. ಸುಂದ್ರವ್ವ ಹೊಸ ಹತ್ತಿಯಲ್ಲಿ ಪಟ್ಟಿಯನ್ನು ಇನ್ನೊಮ್ಮೆ ಒರೆಸಿದಳು, ಈ ಸಲ ಹತ್ತಿ ಬೆಳ್ಳಗೇ ಉಳಿಯಿತು.