ಟಿಕೀಟು ಕಿಟಕಿಯ ಟವೆಲು

ಎಪ್ಪತ್ತರ ದಶಕದ ಮಾತು. ರೈಲುಗಳೆಲ್ಲ ಬೇರೆ ಸ್ಟೇಷನ್ನಿಗೆ ಹೋದ ಮೇಲೆ, ಬಳ್ಳಾರಿಯ ಹಳೇ ಸಿಟಿ ಸ್ಟೇಷನ್ನಿನ ಟಿಕೀಟು ಕೋಣೆಯಲ್ಲಿ ಒಬ್ಬ ಸಾಹುಕಾರ ಟವೆಲಿನ ಅಂಗಡಿ ಇಟ್ಟಿದ್ದ. ಕೆಲಸದ ಮೇಲೆ ಸಿರುಗುಪ್ಪದಿಂದ ಬಂದ ನಾನು ಟವೆಲು ಮರೆತಿದ್ದೆ. ಅಂಗಡಿಯ ಬಾಗಿಲು ತೆರೆದೇ ಇತ್ತು. ಜನ ಮಾತ್ರ ಹಳೇ ಕಿಟಕಿಗೇ ಸಾಲುಗಟ್ಟಿದ್ದರು. ನಾನು ಸೀದಾ ಒಳಗೆ ನುಗ್ಗಿದೆ.

"ಕಿಟಕಿಗೆ ಬರ್ರಿ," ಎಂದ ಸಾಹುಕಾರ.

"ಮತ್ತ ಬಾಗಿಲು ಯಾಕ ತೆಗದೀರಿ?"

"ಗಾಳಿ ಬರ್ಲಿ ಅಂತ. ಒಳಗ ಬಂದೋರು ಚೌಕಾಸಿ ಮಾಡ್ತಾರ. ಕಿಟಕ್ಯಾಗ ಯಾರೂ ಮಾಡಂಗಿಲ್ಲ. ಟಿಕೀಟಿಗೆ ಚೌಕಾಸಿ ಮಾಡ್ತಾರೇನ್ರಿ?"

ಚೌಕಾಸಿಯಲ್ಲಿ ನಾನು ಯಾರಿಗೂ ಕಮ್ಮಿಯಲ್ಲ. ನೋಡೇಬಿಡೋಣ ಎಂದು ಸಾಲಿನಲ್ಲಿ ನಿಂತೆ. ಸರದಿ ಬಂತು. ತಲೆ ಬಗ್ಗಿಸಿ, ಕಿಟಕಿಯೊಳಗೆ ಕೈ ಚಾಚಿ ಬಾಯಿ ತೆರೆದರೆ ಬಂದ ಮಾತು: "ಗುಂತಕಲ್ಲಿಗೆ ಒಂದು ಟಿಕೀಟು ಕೊಡ್ರಿ."

ಸಾಹುಕಾರ ನಗಲೂ ಇಲ್ಲ. ಒಂದು ಟವೆಲು ಕೊಟ್ಟು, ಪೂರಾ ರೊಕ್ಕ ತಗೊಂಡು, "ಮುಂದಿನೋರು ಬರ್ರಿ" ಎಂದ.